ಪೋಸ್ಟರಿಗೆ ಬಟ್ಟೆ ಅಂಟಿಸುವ ಮುಂಚೆ ಅಂಟು ಯಾವುದು ಅಂತ ಕೇಳಿ

ಹೋದ ಸಂಚಿಕೆಯಲ್ಲಿ ಹಳೇ ಸಿನಿಮಾ ಪೋಸ್ಟರುಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಜಾತಕ, ಕ್ರಯಪತ್ರ, ಮದುವೆ ಆಲ್ಬಮ್ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಿರಿ. ಈ ಸಲ ಬರೀ ಪೋಸ್ಟರ್.

ಪ್ರಶ್ನೆ: ಸಾರ್, ನಮ್ಮ ತಂದೆ ಚಿಕ್ಕನಾಯಕನಹಳ್ಳಿ ಕಡೆ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಅವರ ಟ್ರಂಕಿನಲ್ಲಿ ಒಂದಿಷ್ಟು ಪೋಸ್ಟರ್ ಉಳಿದಿವೆ. ರಾಜ್‌ಕುಮಾರ್ ಅವರ ಒಂದು ಪೋಸ್ಟರನ್ನು ಇದೇ ಕಸುಬು ಮಾಡುವ ಒಬ್ಬರಿಗೆ ಕೊಟ್ಟೆ. ‘ಲಿನೆನ್ ಬ್ಯಾಕಿಂಗ್ ಮಾಡಿಸಿ, ನೂರು ವರ್ಷ ಬಾಳುತ್ತೆ’ ಅಂದರು. ಬಂದಾಗ ಫಳಫಳ ಹೊಳೆಯುತ್ತಿತ್ತು. ಮಳೆಗಾಲ ಶುರುವಾಗುತ್ತಿದ್ದಂತೆ ಅಲೆಅಲೆಯಾಗಿ ಉಬ್ಬಿತು. ಕೆಂಪು ಬಣ್ಣ ಪಕ್ಕದ ಬಿಳಿಗೆ ಹರಡಿದೆ. ಅಣ್ಣಾವ್ರ ಮುಖದ ಮೇಲೆ ಬಣ್ಣ ಬಳಿದಿದ್ದಾರೆ, ಬೇರೆ ಯಾರದೋ ಥರ ಕಾಣುತ್ತದೆ. ಸುತ್ತಲಿನ ಬಿಳಿ ಅಂಚು ಕತ್ತರಿಸಿದ್ದಾರೆ. ಕೇಳಿದರೆ ‘ಹಳೇ ಪೇಪರ್ ಸಾರ್, ಹಾಗೇ ಆಗುತ್ತೆ’ ಅಂತಾರೆ. ಇದು ಸರಿಹೋಗುತ್ತಾ?
— ತಿಪಟೂರಿನ ಓದುಗರು

ಉತ್ತರ: ಹಳೇ ಪೇಪರ್ ಹಾಗೇ ಆಗುವುದಿಲ್ಲ ಸ್ವಾಮಿ. ಹಳೇ ಪೇಪರ್ ಹಳದಿಯಾಗುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ತಾನಾಗಿ ಅಂಚು ಕತ್ತರಿಸಿಕೊಳ್ಳುವುದಿಲ್ಲ. ನಿಮ್ಮ ಪೋಸ್ಟರಿಗೆ ಆಗಿರುವುದೆಲ್ಲ ಕೈಕೆಲಸದ ತಪ್ಪು. ಕೆಲವು ಸರಿಹೋಗಬಹುದು, ಕೆಲವು ಇಲ್ಲ.

ಮೊದಲು ಉಬ್ಬಿರುವುದರ ಬಗ್ಗೆ. ಲಿನೆನ್ ಬ್ಯಾಕಿಂಗ್ ಅಂದರೆ ಪೋಸ್ಟರಿನ ಹಿಂಭಾಗಕ್ಕೆ ಬಟ್ಟೆ ಅಂಟಿಸುವುದು. ಹೆಸರಿಗೆ ಲಿನೆನ್, ಬಳಸುವುದು ಸಾಮಾನ್ಯವಾಗಿ ಹತ್ತಿ ಬಟ್ಟೆ. ಈ ಕೆಲಸದ ಕ್ರಮ ಹೀಗಿದೆ. ಹತ್ತಿ ಕ್ಯಾನ್ವಾಸನ್ನು ಚೆನ್ನಾಗಿ ಒಗೆದು, ಗಂಜಿ ತೆಗೆದು, ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಬೇಕು. ಅದರ ಮೇಲೆ ಆಮ್ಲವಿಲ್ಲದ ತೆಳು ಕಾಗದ, ಸಾಮಾನ್ಯವಾಗಿ ಜಪಾನಿ ಕಾಗದ. ಅದರ ಮೇಲೆ ಪೋಸ್ಟರ್. ಅಂಟಿಸುವ ಮುಂಚೆ ಪೋಸ್ಟರನ್ನು ಒದ್ದೆ ಮಾಡಿ ಹಿಗ್ಗಲು ಬಿಡಬೇಕು, ಆಮೇಲೆ ಚೌಕಟ್ಟಿನ ಮೇಲೇ ನಿಧಾನವಾಗಿ ಒಣಗಿಸಬೇಕು. ಅವಸರದವರು ಅಂಗಡಿಯಿಂದ ತಂದ ಕೋರಾ ಬಟ್ಟೆಯನ್ನು ಹಾಗೇ ಬಳಸುತ್ತಾರೆ. ನಡುವಿನ ಕಾಗದ ಬಿಡುತ್ತಾರೆ, ಫ್ಯಾನ್ ಹಾಕಿ ಒಣಗಿಸುತ್ತಾರೆ. ಬಟ್ಟೆ ಒಂದು ಅಳತೆಗೆ ಹಿಗ್ಗಿ ಕುಗ್ಗಿದರೆ ಕಾಗದ ಇನ್ನೊಂದು ಅಳತೆಗೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೇವ ಬಂದ ಕೂಡಲೇ ಬಣ್ಣ ಬಯಲು.

ಇದಕ್ಕೆ ಪರಿಹಾರ ಇದೆಯೋ ಇಲ್ಲವೋ ಅನ್ನುವುದು ಅಂಟಿನ ಮೇಲೆ ನಿಂತಿದೆ. ಪೋಸ್ಟರಿನಿಂದ ಆಚೆ ಉಳಿದಿರುವ ಕ್ಯಾನ್ವಾಸಿನ ಅಂಚು ನೋಡಿ. ಅಂಟು ಮೆತ್ತಿರುವ ಜಾಗದಲ್ಲಿ ಒಂದು ಹನಿ ನೀರು ಇಟ್ಟು ಸ್ವಲ್ಪ ಹೊತ್ತು ಬಿಡಿ. ಪೋಸ್ಟರಿನ ಮೇಲೆ ಬೇಡ, ಬರೀ ಬಟ್ಟೆಯ ಮೇಲೆ. ಬೆರಳಿಗೆ ಜಿಗುಟಾಗಿ ಮೆತ್ತಗಾದರೆ ಗೋಧಿ ಗಂಜಿಯೋ ಅಂಥದ್ದೇ ನೀರಿನ ಅಂಟೋ ಇರಬೇಕು. ನಿಮ್ಮ ಅದೃಷ್ಟ. ತಿಳಿದವರು ತೇವ ಕೊಟ್ಟು ಬಟ್ಟೆ ಬಿಡಿಸಿ ಮತ್ತೆ ಕೂರಿಸುತ್ತಾರೆ. ರಬ್ಬರಿನಂತೆ ಎಳೆದರೆ ಅದು ಮರಗೆಲಸದ ಬಿಳಿ ಅಂಟು. ಒಣಗಿದ ಮೇಲೆ ಅದು ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ನೀರಿಗೆ ಏನೂ ಆಗದೆ ಪ್ಲಾಸ್ಟಿಕ್ ಹಾಳೆಯಂತೆ ಕಂಡರೆ ಇಸ್ತ್ರಿ ಶಾಖದಲ್ಲಿ ಅಂಟಿಸುವ ಫಿಲ್ಮ್ ಹಾಕಿದ್ದಾರೆ. ಅದನ್ನು ಬಿಡಿಸಲು ದ್ರಾವಕ ಬೇಕು, ಬಿಡಿಸುವಾಗ ಕಾಗದವೂ ಕಿತ್ತು ಬರಬಹುದು. ಹಾಗಿದ್ದರೆ ಮುಟ್ಟದೆ ಹಾಗೇ ಇಡುವುದು ವಾಸಿ ಅಂತ ನನ್ನ ಅಭಿಪ್ರಾಯ.

ಕೆಂಪಿನ ವಿಷಯ. ಅಚ್ಚಿನ ಶಾಯಿ ಬಹುಪಾಲು ಎಣ್ಣೆಯದು, ನೀರಿಗೆ ಹೆದರುವುದಿಲ್ಲ. ಆದರೆ ಅಗ್ಗದ ಕೆಂಪು, ಗುಲಾಬಿ ಬಣ್ಣಗಳನ್ನು ನಂಬಬಾರದು. ರಬ್ಬರ್ ಸ್ಟಾಂಪಿನ ನೇರಳೆ, ಟಾಕೀಸಿನವರು ದಿನಾಂಕ ಬರೆದ ಶಾಯಿ ಇವಂತೂ ಓಡುವುದಕ್ಕೇ ಕಾದಿರುತ್ತವೆ. ಅದಕ್ಕೇ ನೀರಿಗೆ ಹಾಕುವ ಮುಂಚೆ ಒಂದೊಂದು ಬಣ್ಣಕ್ಕೂ ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ನೋಡಬೇಕು. ಹತ್ತಿಗೆ ಬಣ್ಣ ಬಂದರೆ ಪೋಸ್ಟರನ್ನು ತೊಟ್ಟಿಗೆ ಹಾಕುವಂತಿಲ್ಲ. ಐದು ನಿಮಿಷದ ಕೆಲಸ. ಅದನ್ನೂ ಮಾಡಿಲ್ಲ ಅಂದರೆ ಏನು ಹೇಳೋದು? ಕಾಗದದ ನಾರಿನೊಳಗೆ ಇಳಿದ ಕೆಂಪು ವಾಪಸ್ ಬರುವುದಿಲ್ಲ. ‘ಬ್ಲೀಚ್ ಹಾಕಿ ತೆಗೆದುಕೊಡ್ತೀನಿ’ ಅಂತ ಅವರೇ ಹೇಳಿದರೂ ಕೊಡಬೇಡಿ. ಬಟ್ಟೆ ಒಗೆಯುವ ಕ್ಲೋರಿನ್ ಬ್ಲೀಚ್ ಕಾಗದದ ನಾರನ್ನೇ ತಿನ್ನುತ್ತದೆ.

ಮುಖದ ಮೇಲೆ ಬಳಿದ ಬಣ್ಣ ಜಲವರ್ಣವಾದರೆ ತೆಗೆಯಬಹುದು, ಅಕ್ರಿಲಿಕ್ ಆದರೆ ಕಷ್ಟ. ಕಾಗದ ಹೋಗಿ ತೂತಾದ ಕಡೆ, ಮಡಿಕೆ ಬಿಳಿಚಿದ ಕಡೆ ಮಾತ್ರ ಬಣ್ಣ ತುಂಬಬೇಕು. ಅದೂ ತೂತಿನ ಗೆರೆ ದಾಟದಂತೆ. ಉಳಿದಿರುವ ಮೂಲ ಬಣ್ಣದ ಮೇಲೆ ಕುಂಚ ಇಟ್ಟರೆ ಅದು ರಿಪೇರಿ ಅಲ್ಲ, ಹೊಸ ಚಿತ್ರ. ಪೋಸ್ಟರ್ ಬರೆದ ಕಲಾವಿದ ಅಣ್ಣಾವ್ರ ಮೂಗನ್ನು ಸ್ವಲ್ಪ ಜಾಸ್ತಿ ಉದ್ದ ಬರೆದಿದ್ದರೆ ಅದು ಹಾಗೇ ಇರಲಿ. ಸರಿಮಾಡಲು ಇವರು ಯಾರು?

ಕತ್ತರಿಸಿದ ಅಂಚಿಗೆ ಮದ್ದಿಲ್ಲ. ನನಗೆ ಹೆಚ್ಚು ಬೇಜಾರಾಗಿದ್ದು ಇದಕ್ಕೇ. ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಇರುತ್ತದೆ. ಮದ್ರಾಸೋ ಶಿವಕಾಶಿಯೋ ಬೆಂಗಳೂರೋ ಅಂತ ಗೊತ್ತಾಗುವುದು ಅಲ್ಲೇ. ಅದೇನು ಮುದ್ರಕರು ಹೆಮ್ಮೆಗೆ ಹಾಕಿದ್ದಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಸ್ಥಳ ಹಾಕಲೇಬೇಕಿತ್ತು. ಪೋಸ್ಟರ್ ಅಸಲಿ ಅನ್ನುವುದಕ್ಕೆ ಆ ಸಾಲು ಒಳ್ಳೇ ಸಾಕ್ಷಿ. ಕತ್ತರಿಸಿದ ತುಂಡುಗಳು ಅವರ ಹತ್ತಿರ ಇದ್ದರೆ ಈಗಲೇ ಫೋನ್ ಮಾಡಿ ಕೇಳಿ. ತುಂಡು ಸಿಕ್ಕಿದರೂ ಸಾಕು, ಪೋಸ್ಟರಿನ ಜೊತೆ ಕವರಿನಲ್ಲಿ ಇಟ್ಟುಕೊಳ್ಳಿ.

ಮುಂದೇನು ಮಾಡಬೇಕು? ಮನೆಯಲ್ಲಿ ಬಿಡಿಸಲು ಹೋಗಬೇಡಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ರಕ್ಷಣಾ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಜಪಾನಿ ಕಾಗದದ ಕೆಲಸವನ್ನು ನಾನು ಕಲಿತದ್ದೂ ಅಲ್ಲೇ. ತುಮಕೂರಿನ ಮಂಡಿಪೇಟೆಯಲ್ಲಿ ನನ್ನ ಬೈಂಡಿಂಗ್ ಅಂಗಡಿ ಇದ್ದಾಗ ಕೈಮೀರಿದ ಕೆಲಸಕ್ಕೆ ಗಿರಾಕಿಗಳನ್ನು ಅಲ್ಲಿಗೇ ಕಳಿಸುತ್ತಿದ್ದೆ. ಪೋಸ್ಟರ್ ತೋರಿಸಿ, ಅಂಟಿನ ವಿಷಯ ಹೇಳಿ.

ಟ್ರಂಕಿನಲ್ಲಿರುವ ಉಳಿದವನ್ನು ಯಾರಿಗಾದರೂ ಕೊಡುವ ಮುಂಚೆ ಮೂರು ಮಾತು ಬರೆಸಿಕೊಳ್ಳಿ: ಅಂಟು ಯಾವುದು, ನೀರಿಗೆ ಬಿಡುತ್ತಾ, ಎಲ್ಲೆಲ್ಲಿ ಬಣ್ಣ ಹಾಕುತ್ತೀರಿ. ಹೇಳಲು ಹಿಂದೆಮುಂದೆ ನೋಡಿದರೆ ಪೋಸ್ಟರ್ ಎತ್ತಿಕೊಂಡು ಬನ್ನಿ. ಟಾಕೀಸಿನ ಹೆಸರು, ‘ಇಂದಿನಿಂದ’ ಅಂತ ಅಂಟಿಸಿದ ಸ್ಲಿಪ್ ಇದ್ದರೆ ಅದನ್ನು ಕೀಳಬಾರದು ಅಂತಲೂ ಹೇಳಿ. ಕೊಳ್ಳುವವರಿಗೆ ಅದು ಕಲೆಯಂತೆ ಕಾಣಬಹುದು. ನಿಮ್ಮ ತಂದೆಯ ಟಾಕೀಸಿನ ದಾಖಲೆ ಅದು ತಾನೆ?

ಇನ್ನೊಂದು ಮಾತು. ಎಲ್ಲಾ ಪೋಸ್ಟರಿಗೂ ಬಟ್ಟೆ ಬೇಕಾಗಿಲ್ಲ. ಈ ಪದ್ಧತಿ ಜೋರಾಗಿ ಬೆಳೆದದ್ದು ಅಮೆರಿಕದ ಸಂಗ್ರಾಹಕರಲ್ಲಿ. ಅಲ್ಲಿ 27×41 ಇಂಚಿನ ಪೋಸ್ಟರುಗಳನ್ನು ಮಡಿಸಿಯೇ ಟಾಕೀಸುಗಳಿಗೆ ಕಳಿಸುತ್ತಿದ್ದರು. ಆ ಮಡಿಕೆ ಅಡಗಿಸಿ ಗೋಡೆಗೆ ಹಾಕಲು ಬಟ್ಟೆ ಅನುಕೂಲ. ನಮ್ಮ 30×40 ಇಂಚಿನವು ತೆಳು ಕಾಗದದವು. ಗೋಡೆಗೆ ಹಾಕದೆ ಬರೀ ಕಾಪಾಡುವುದಾದರೆ ಹಿಂದೆ ಜಪಾನಿ ಕಾಗದದ ಒಂದು ಪದರ ಸಾಕು. ಗಟ್ಟಿಯಾಗಿದ್ದರೆ ಅದೂ ಬೇಡ. ಪಾಲಿಯೆಸ್ಟರ್ ಕವರಿನಲ್ಲಿ ಚಪ್ಪಟೆಯಾಗಿಟ್ಟರೆ ಆಯಿತು. ಆದರೆ ಈ ಮಾತು ಹೇಳಿದರೆ ಅಂಗಡಿಯವನಿಗೆ ಸಂಪಾದನೆ ಎಲ್ಲಿಂದ, ಅಲ್ವಾ?

ಪ್ರಶ್ನೆ: ಅಣ್ಣಾ, ನಮ್ಮ ತಾತ ಮೈದಾ ಗೋಂದಿಗೆ ಮೈಲುತುತ್ತ ಹಾಕಿ ಪೋಸ್ಟರ್ ಅಂಟಿಸುತ್ತಿದ್ದರಂತೆ, ಹುಳ ಬೀಳುತ್ತಿರಲಿಲ್ಲವಂತೆ. ಅದೇ ಗೋಂದಿನಲ್ಲಿ ನಾನೇ ಮನೆಯಲ್ಲಿ ಬಟ್ಟೆ ಅಂಟಿಸಬಹುದಾ? ಹೊರಗೆ ಕೊಡಲು ಭಯ.
— ಕೋಲಾರದ ಓದುಗರು

ಉತ್ತರ: ನಿಮ್ಮ ತಾತ ಗೋಡೆಗೆ ಅಂಟಿಸುತ್ತಿದ್ದರು ತಾಯಿ. ಗೋಡೆಯ ಪೋಸ್ಟರ್ ಒಂದೆರಡು ವಾರ ನಿಂತರೆ ಸಾಕಿತ್ತು. ಮುಂದಿನ ಶುಕ್ರವಾರ ಅದರ ಮೇಲೆ ಇನ್ನೊಂದು ಬೀಳುತ್ತಿತ್ತು. ಮೈಲುತುತ್ತ ಹುಳ ತಡೆಯುತ್ತದೆ, ನಿಜ. ಆದರೆ ಅದರಲ್ಲಿರುವ ತಾಮ್ರ ಕಾಗದವನ್ನು ಬೇಗ ಕೆಡಿಸುತ್ತದೆ. ಬರಿಗೈಯಲ್ಲಿ ಮುಟ್ಟುವಂಥದ್ದೂ ಅಲ್ಲ. ಇನ್ನು ಮೈದಾದಲ್ಲಿರುವ ಜಿಗುಟು ವರ್ಷ ಕಳೆದಂತೆ ಹಳದಿಯಾಗಿ ಗಡಸಾಗುತ್ತದೆ, ಜಿರಲೆಗಳಿಗೂ ಹಬ್ಬ.

ಬೇಕಾಗಿರುವುದು ಆ ಜಿಗುಟನ್ನು ತೆಗೆದ ಗೋಧಿ ಪಿಷ್ಟ. ಗೋಧಿ ಹಾಲಿನ ಹಲ್ವಾ ಮಾಡಿದ್ದರೆ ನಿಮಗೆ ಅರ್ಧ ಕೆಲಸ ಗೊತ್ತು. ಗೋಧಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಾಲನ್ನು ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಮೇಲಿನ ನೀರು ಚೆಲ್ಲಿ ಮತ್ತೆ ತೊಳೆದು ಒಣಗಿಸಿ. ಒಂದು ಭಾಗಕ್ಕೆ ನಾಲ್ಕೈದು ಭಾಗ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ. ಆರಿದ ಮೇಲೆ ಜರಡಿಯಲ್ಲಿ ಒತ್ತಿ ಸೋಸಿ, ಬೇಕಾದಷ್ಟು ತೆಳು ಮಾಡಿಕೊಳ್ಳಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಪಿಷ್ಟ ಸಿದ್ಧವಾಗಿಯೂ ಸಿಗುತ್ತದೆ. ಮಾಡಿದ ಅಂಟು ಬೇಗ ಹುಳಿಯುತ್ತದೆ, ಅಂದಂದಿಗೆ ಬೇಕಾದಷ್ಟೇ ಮಾಡಿ.

ನೀರಿನ ಬಗ್ಗೆ ಕೋಲಾರದವರಿಗೆ ವಿಶೇಷವಾಗಿ ಹೇಳಬೇಕು. ನಿಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಬಿಂದಿಗೆ ತಳದ ಬಿಳಿ ಪದರ ನೋಡಿದರೆ ಗೊತ್ತು. ಅದರಲ್ಲಿ ಕಬ್ಬಿಣದ ಅಂಶವಿದ್ದರೆ ಕಾಗದದಲ್ಲಿ ಉಳಿದು ಮುಂದೆ ಕಂದು ಚುಕ್ಕೆ ಬೀಳಬಹುದು. ಅಂಟಿಗೂ ತೊಳೆಯುವುದಕ್ಕೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ.

ಇಷ್ಟೆಲ್ಲ ಆದರೂ ಒಳ್ಳೇ ಪೋಸ್ಟರಿಗೆ ನೇರವಾಗಿ ಕೈ ಹಾಕಬೇಡಿ. ಹೋದ ಚುನಾವಣೆಯ ಭಿತ್ತಿಪತ್ರ ಯಾರ ಮನೆಯಲ್ಲಾದರೂ ಸಿಗುತ್ತದೆ. ಅದರ ಮೇಲೆ ಕೈ ಪಳಗಲಿ. ಅಭ್ಯರ್ಥಿ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ 1960ರ ದಶಕದ ‘ಅಸಲಿ’ ಪೋಸ್ಟರ್ ಕೊಂಡೆ. ಆಗಲೇ ಕ್ಯಾನ್ವಾಸ್ ಅಂಟಿಸಿದ್ದಾರೆ, ಹಿಂಭಾಗ ಕಾಣುವುದಿಲ್ಲ. ಅಸಲಿಯೋ ನಕಲಿಯೋ ಹೇಗೆ ತಿಳಿಯುವುದು?
— ಚಿಕ್ಕಬಳ್ಳಾಪುರದ ಓದುಗರು

ಉತ್ತರ: ನಕಲಿ ಮಾರುವವರಿಗೆ ಕ್ಯಾನ್ವಾಸ್ ಅಂದರೆ ಬಲು ಇಷ್ಟ, ಹಿಂದಿನ ಕಾಗದ ಮುಚ್ಚಿಹೋಗುತ್ತಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತೆಗೆದುಕೊಂಡು ಅಕ್ಷರದ ಅಂಚು ನೋಡಿ. ಅಚ್ಚಾದ ಅಕ್ಷರದ ಅಂಚು ಚೊಕ್ಕವಾಗಿರುತ್ತದೆ, ಆಫ್‌ಸೆಟ್ ಚಿತ್ರದಲ್ಲಿ ಚುಕ್ಕೆಗಳು ಸಾಲಾಗಿ ಕೂತಿರುತ್ತವೆ. ಇಂಕ್‌ಜೆಟ್ ಆದರೆ ಅಕ್ಷರದ ಅಂಚಿನಲ್ಲೂ ಬಣ್ಣ ಎರಚಿದಂತೆ ಚೆಲ್ಲಾಪಿಲ್ಲಿ. ಮಡಿಕೆಯ ಮೇಲೆ ಉಗುರು ಆಡಿಸಿ. ಗೆರೆ ಕಣ್ಣಿಗೆ ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ ಅಂದರೆ ಅನುಮಾನ ಪಡಿ. ಆದರೆ ಚೆನ್ನಾಗಿ ಬ್ಯಾಕಿಂಗ್ ಮಾಡಿದ ಅಸಲಿಯಲ್ಲೂ ಮಡಿಕೆ ಚಪ್ಪಟೆಯಾಗುತ್ತದೆ. ಹಾಗಾಗಿ ಇದೊಂದನ್ನೇ ನಂಬಬೇಡಿ.

ನೋಟು ಪರೀಕ್ಷಿಸುವ ನೀಲಿ ಟಾರ್ಚನ್ನು ಕತ್ತಲಲ್ಲಿ ಬಿಟ್ಟು ನೋಡಿ. ಹೊಸ ಕಾಗದ ನೀಲಿಯಾಗಿ ಬೆಳಗುತ್ತದೆ. ಹಾಳೆಯ ಬಿಳಿ ಭಾಗವೆಲ್ಲ ಹಾಗೆ ಫಳಫಳ ಅಂದರೆ ಮಾರಿದವರನ್ನು ಪ್ರಶ್ನಿಸಿ. ಆಮೇಲೆ ಬಣ್ಣ ತುಂಬಿದ ಜಾಗಗಳೂ ಆ ಬೆಳಕಿನಲ್ಲಿ ಎಷ್ಟೋ ಸಲ ಬೇರೆಯಾಗಿ ಎದ್ದು ಕಾಣುತ್ತವೆ. ಮುದ್ರಣಾಲಯದ ಸಾಲು ಇದೆಯೇ ಅಂತ ಮರೆಯದೆ ನೋಡಿ.

ಪ್ರಶ್ನೆ: ಹರಿದ ಪೋಸ್ಟರಿಗೆ ಸೆಲ್ಲೋಟೇಪ್ ಹಾಕಿದ್ದೇನೆ. ಲ್ಯಾಮಿನೇಷನ್ ಮಾಡಿಸಿದರೆ ಹೇಗೆ?
— ತುಮಕೂರಿನ ವಿದ್ಯಾರ್ಥಿ

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ. ಒಳಗಿನ ಕಾಗದವನ್ನು ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ. ಟೇಪು ಹಾಕಿ ಕೆಲವೇ ದಿನ ಆಗಿದ್ದರೂ ಎಳೆದು ಕೀಳಬೇಡ, ಬಣ್ಣ ಅದರ ಜೊತೆಗೇ ಬರುತ್ತದೆ. ಹಾಗೆಂದು ವರ್ಷಗಟ್ಟಲೆ ಬಿಡಲೂ ಬೇಡ. ಅಂಟು ಕಾಗದದೊಳಗೆ ಇಳಿದು ಕಂದು ಕಲೆ ಆಗುತ್ತದೆ. ಎರಡೂ ಕಡೆ ಫೋಟೊ ತೆಗೆದು ಪತ್ರಿಕೆಯ ವಿಳಾಸಕ್ಕೆ ಕಳಿಸಪ್ಪ, ನೋಡಿ ಹೇಳುತ್ತೇನೆ.