ವಾಹನ ಪ್ರಶ್ನೋತ್ತರ: ಆಗುಂಬೆ ತಿರುವಿಗೆ ಎರಡು ಬಾಗಿಲಿನ ಕಾರು

ಪ್ರಶ್ನೆ: ಏಳು ವರ್ಷದಿಂದ ಪೋಲೊ ಜಿಟಿ ಓಡಿಸುತ್ತಿದ್ದೇನೆ. ಮುಂದಿನದು ಎರಡು ಬಾಗಿಲಿನ ಕಾರೇ ಆಗಬೇಕೆಂಬ ಹಟ. ಸೆಕೆಂಡ್‌ಹ್ಯಾಂಡ್ ಆಡಿ ಟಿಟಿ, ಸೆಕೆಂಡ್‌ಹ್ಯಾಂಡ್ ಫೋರ್ಡ್ ಮಸ್ಟಾಂಗ್, ಇಲ್ಲವೇ ಸಾಲ ಮಾಡಿ ಹೊಸ ಬಿಎಂಡಬ್ಲ್ಯು ಎಂ2. ವಾರಕ್ಕೊಮ್ಮೆ ತೀರ್ಥಹಳ್ಳಿ, ತಿಂಗಳಿಗೊಮ್ಮೆ ಆಗುಂಬೆ ಇಳಿದು ಉಡುಪಿಗೆ ಹೋಗುವುದಿದೆ. ಯಾವುದು ಒಳ್ಳೆಯದು?
— ವಿನೋಬನಗರ, ಶಿವಮೊಗ್ಗ

ಉತ್ತರ: ಟಿಟಿ. ಮೂರರಲ್ಲಿ ಕಡಿಮೆ ಶಕ್ತಿಯ ಕಾರು ಅದೇ, ಆದರೂ ಅದೇ.

ಮಸ್ಟಾಂಗನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ. 5 ಲೀಟರಿನ ವಿ8 ಎಂಜಿನ್, ಸುಮಾರು 400 ಎಚ್‌ಪಿ, ಸದ್ದು ಕೇಳಿದರೆ ಮನಸ್ಸು ಸೋಲುತ್ತದೆ ನಿಜ. ಆದರೆ ಕಾರಿನ ಉದ್ದ 4.78 ಮೀಟರ್, ಕನ್ನಡಿ ಬಿಟ್ಟು ಅಗಲ 1.9 ಮೀಟರ್. ಇದು ಚಿಕ್ಕ ಕೂಪೆ (ಎರಡು ಬಾಗಿಲಿನ ಕಾರು) ಅಲ್ಲವೇ ಅಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಮಿನಿ ಬಸ್ ಬಂದರೆ ಇಷ್ಟುದ್ದದ ಮೂತಿಯನ್ನು ಎಲ್ಲಿ ಸರಿಸುತ್ತೀರಿ? ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಬಂಪರ್, ಹೆಡ್‌ಲೈಟಿನಂಥ ಬಿಡಿಭಾಗಕ್ಕೆ ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಈ ಕಾರು.

ಎಂ2 ವಿಷಯ ಬೇರೆ. ಆರು ಸಿಲಿಂಡರಿನ 3 ಲೀಟರ್ ಟರ್ಬೊ ಎಂಜಿನ್, 2023ರಲ್ಲಿ ಬಂದಾಗ 460 ಎಚ್‌ಪಿ, ಈಗ 480. ಬೇಕೆಂದರೆ ಕೈಗೇರೂ ಸಿಗುತ್ತದೆ, ಇಂದಿನ ಕಾಲದಲ್ಲಿ ಅದೊಂದು ಭಾಗ್ಯ. ತೊಡಕಿರುವುದು ಟೈರಿನಲ್ಲಿ. ಮುಂದೆ 275/35 ಆರ್19, ಹಿಂದೆ 285/30 ಆರ್20. ಲೆಕ್ಕ ಹಾಕಿ: ಹಿಂದಿನ ಟೈರಿನ ಅಗಲ 285 ಮಿ.ಮೀ, ಅದರ ಶೇ 30 ಅಂದರೆ ಪಕ್ಕೆ (ರಿಮ್ಮಿಗೂ ನೆಲಕ್ಕೂ ನಡುವಿನ ರಬ್ಬರು) ಬರೀ 85 ಮಿ.ಮೀ. ಜಡಿಮಳೆಯಲ್ಲಿ ನೀರು ತುಂಬಿದ ಗುಂಡಿ ಕಾಣುವುದಿಲ್ಲ. ಇಳಿದರೆ ಪೆಟ್ಟು ನೇರ ರಿಮ್ಮಿಗೆ. ಟೈರ್ ಅಗಲವಾದಷ್ಟೂ ನಿಂತ ನೀರಿನ ಮೇಲೆ ತೇಲುವುದೂ ಬೇಗ. ಹಿಂಬದಿ ಚಕ್ರಕ್ಕಷ್ಟೇ ಹೋಗುವ 550 ಎನ್‌ಎಂ ಟಾರ್ಕನ್ನು (ಚಕ್ರ ತಿರುಗಿಸುವ ಬಲ), ಎರಡನೇ ಗೇರಿನಲ್ಲಿ, ಪಾಚಿ ಹಿಡಿದ ತಿರುವಿನಲ್ಲಿ ಬಳಸಲಾಗುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಅದನ್ನು ಕತ್ತರಿಸುತ್ತಲೇ ಇರುತ್ತದೆ. ಎಕ್ಸ್‌ಶೋರೂಂ ಬೆಲೆ ಕೋಟಿಯ ಆಸುಪಾಸು. 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್, ಒಟ್ಟು ಶೇ 19.98. ತೆರಿಗೆಗೆ ಕಟ್ಟುವ ದುಡ್ಡಿನಲ್ಲೇ ಇನ್ನೊಂದು ಕಾರು ಬರುತ್ತದೆ.

ಟಿಟಿ 4.18 ಮೀಟರ್ ಉದ್ದದ ನಿಜವಾದ ಚಿಕ್ಕ ಕೂಪೆ. 2015ರ ಬಳಿಕದ ಮಾದರಿಯಲ್ಲಿ 2 ಲೀಟರ್ ಟರ್ಬೊ, 230 ಎಚ್‌ಪಿ, 370 ಎನ್‌ಎಂ, ನಾಲ್ಕೂ ಚಕ್ರಕ್ಕೆ ಬಲ. ಘಟ್ಟ ಹತ್ತುವಾಗ ಬೇಕಾಗುವುದು 2,000 ಆರ್‌ಪಿಎಂ ಸುತ್ತ ಸಿಗುವ ಟಾರ್ಕ್. ಅದು ಇಲ್ಲಿ ಧಾರಾಳ. ಈ ಎಂಜಿನ್ ಕುಟುಂಬವೇ ಸ್ಕೋಡಾ ಸೂಪರ್ಬ್, ಆಕ್ಟೇವಿಯಾ ಆರ್‌ಎಸ್‌ಗಳಲ್ಲೂ ಇರುವುದರಿಂದ ಫಿಲ್ಟರ್, ಪ್ಲಗ್, ವಾಟರ್ ಪಂಪಿನಂಥ ಸಾಮಾನು ಹುಡುಕಿಸಬಹುದು. ಟಿಟಿ ತಯಾರಿಕೆ 2023ಕ್ಕೆ ನಿಂತಿದೆ, ಹಾಗಾಗಿ ಬಾಡಿ ಭಾಗಗಳಿಗೆ ಮುಂದೆ ಪರದಾಟ ಇದ್ದದ್ದೇ. ಹಿಂದಿನ ಸೀಟು ಮಕ್ಕಳಿಗಷ್ಟೇ. ಅಲ್ಲಿ ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೋಗುವ ಯೋಚನೆ ಇದ್ದರೆ ಕೈಬಿಡಿ.

ಹಟ ಸಡಿಲವಾದರೆ ಒಂದು ಮಾತು. ಫೋಕ್ಸ್‌ವ್ಯಾಗನ್ನಿನ ನಾಲ್ಕು ಬಾಗಿಲಿನ ವರ್ಟಸ್ ಜಿಟಿ 1.5 ಕೈಗೇರಿನದು: 150 ಪಿಎಸ್ (ಹೆಚ್ಚುಕಡಿಮೆ ಎಚ್‌ಪಿಯಷ್ಟೇ), 250 ಎನ್‌ಎಂ, ನೆಲದಿಂದ 179 ಮಿ.ಮೀ ಎತ್ತರ, ಟೈರಿನ ಪಕ್ಕೆ 113 ಮಿ.ಮೀ. ಮಳೆಗಾಲದ ಘಟ್ಟದಲ್ಲಿ ಎಂ2 ಇದನ್ನು ಹಿಂದೆ ಹಾಕುವುದು ಕಷ್ಟ.

ಪ್ರಶ್ನೆ: 2016ರ ಟಿಟಿಯೊಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?
— ಸಾಗರ

ಉತ್ತರ: ಹೋಗುವ ಮೊದಲೇ ಫೋನಿನಲ್ಲಿ ಹೇಳಿಬಿಡಿ, ಕಾರನ್ನು ಸ್ಟಾರ್ಟ್ ಮಾಡಿಡಬಾರದೆಂದು. ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಬಿಸಿಯಿದ್ದರೆ ಏನನ್ನೋ ಮುಚ್ಚುತ್ತಿದ್ದಾರೆ ಅಂತಲೇ ಅನುಮಾನಿಸಿ.

ಮೊದಲು ಕೂಲೆಂಟ್. ಈ ಎಂಜಿನ್ನಿನಲ್ಲಿ ವಾಟರ್ ಪಂಪು, ಥರ್ಮೋಸ್ಟಾಟ್ ಎರಡೂ ಸೇರಿದ ಪ್ಲಾಸ್ಟಿಕ್ ಹೌಸಿಂಗ್ ಇಂಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಕೆಳಗೆ ಅಡಗಿ ಕೂತಿರುತ್ತದೆ. ಬಿಸಿ-ತಂಪಿಗೆ ಸಿಕ್ಕು ಅದು ಸೊಟ್ಟಗಾಗಿ ಸೋರುತ್ತದೆ. ಟಾರ್ಚ್ ಹಾಕಿ ನೋಡಿ. ಒಣಗಿದ ಗುಲಾಬಿ ಕಲೆ ಕಂಡರೆ ಪೂರ್ತಿ ಹೌಸಿಂಗ್ ಬದಲಿಸಬೇಕು ಅಂತಲೇ ಲೆಕ್ಕ. ಸಾಮಾನಿಗಿಂತ ಬಿಚ್ಚುವ ಕೂಲಿ ಹೆಚ್ಚು ಕಾಡುತ್ತದೆ.

ಆಮೇಲೆ ಗೇರ್‌ಬಾಕ್ಸ್. ಇದರ ಆರು ಗೇರಿನ ಡ್ಯುಯಲ್ ಕ್ಲಚ್ ಎಣ್ಣೆಯಲ್ಲಿ ಮುಳುಗಿದ ಜಾತಿಯದು. ನಿಮಗೆ ಗೊತ್ತಿರಬಹುದಾದ ಏಳು ಗೇರಿನ ಒಣ ಕ್ಲಚ್ಚಿಗಿಂತ ಗಟ್ಟಿ. ಆದರೆ ಪ್ರತಿ 60,000 ಕಿ.ಮೀಗೆ ಎಣ್ಣೆ, ಫಿಲ್ಟರ್ ಎರಡೂ ಬದಲಾಗಿರಬೇಕು. ಬಾಯಿಮಾತು ಬೇಡ, ಬಿಲ್ ಕೇಳಿ.

ಎಲ್ಲರೂ ಮರೆಯುವುದು ಹಾಲ್ಡೆಕ್ಸ್. ಹಿಂದಿನ ಚಕ್ರಕ್ಕೆ ಬಲ ಕಳಿಸುವ ಈ ಕ್ಲಚ್ಚಿನ ಪಂಪಿನಲ್ಲಿ ಸಣ್ಣ ಜಾಲರಿಯೊಂದಿದೆ. ಮೂರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವಾಗ ಪಂಪನ್ನು ಬಿಚ್ಚಿ ಆ ಜಾಲರಿಯನ್ನೂ ತೊಳೆಯಬೇಕು. ಬರೀ ಎಣ್ಣೆ ಬದಲಿಸಿ ಕೈತೊಳೆದುಕೊಂಡಿದ್ದರೆ ಕಸ ಕಟ್ಟಿ ಪಂಪು ಸುಡುತ್ತದೆ. ಆಗ ಡ್ಯಾಶಿನಲ್ಲಿ ದೀಪ ಹತ್ತದೆಯೂ ಕಾರು ಬರೀ ಮುಂಚಕ್ರದ್ದಾಗಿರಬಹುದು. ಒದ್ದೆ ಜಲ್ಲಿಯ ಏರಿನಲ್ಲಿ ನಿಲ್ಲಿಸಿ ಜೋರಾಗಿ ಎತ್ತಿಸಿ. ಮುಂದಿನ ಚಕ್ರಗಳಷ್ಟೇ ತಿರುಗಿ ಜಲ್ಲಿ ಎರಚುತ್ತಿದ್ದರೆ ಬೆಲೆ ಇಳಿಸಿ, ಇಲ್ಲವೇ ವಾಪಸ್ ಬನ್ನಿ.

ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಬುಡದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಟೈರಿನ ಮೇಲಿನ ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಹೊಸ ಟೈರಿನ ಖರ್ಚನ್ನೂ ಚೌಕಾಸಿಗೆ ಸೇರಿಸಿ.

ಪ್ರಶ್ನೆ: ಕಾರು ಮುಂಬೈ ನೋಂದಣಿಯದ್ದಾದರೆ ಅಗ್ಗವಲ್ಲವೇ?
— ಭದ್ರಾವತಿ

ಉತ್ತರ: ಕೆಎ-14 ಫಲಕ ಹಾಕಿಸುವವರೆಗೆ ಮಾತ್ರ ಅಗ್ಗ. ಮೂಲ ಆರ್‌ಟಿಒದಿಂದ ಎನ್‌ಒಸಿ ತರಬೇಕು, 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಆಜೀವ ತೆರಿಗೆಯನ್ನು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಲೆಕ್ಕ ಹಾಕುತ್ತಾರೆ. ಮುಂಗಡ ಕೊಡುವ ಮುನ್ನ ಆ ಮೊತ್ತ ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ತೋಟದ ಮನೆಯ ದಾರಿಯಲ್ಲಿ ಎರಡು ಉಬ್ಬುಗಳಿವೆ. ತಗ್ಗು ಕಾರು ದಾಟುತ್ತದೋ ಇಲ್ಲವೋ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?
— ಹೊಸನಗರ

ಉತ್ತರ: ಅಡಿಕೆ ದಬ್ಬೆ ಸಾಕು. ಕಾರಿನ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರದಷ್ಟು ಉದ್ದದ ನೆಟ್ಟಗಿನ ದಬ್ಬೆ ಕತ್ತರಿಸಿ: ಟಿಟಿಗೆ 2.5 ಮೀಟರ್, ಎಂ2ಗೆ 2.75. ಇಬ್ಬರನ್ನು ಕೂರಿಸಿ ಕಾರಿನ ಅಡಿ ನೆಲದಿಂದ ಎಷ್ಟಿದೆ ಅಳೆಯಿರಿ, ಕಂಪನಿಯ ಅಂಕಿ ಬೇಡ. ಅಷ್ಟೇ ಎತ್ತರದ ಎರಡು ಮರದ ತುಂಡನ್ನು ಉಬ್ಬಿನ ಆಚೀಚೆ ಇಟ್ಟು ಮೇಲೆ ದಬ್ಬೆ ಹಾಸಿ. ಮುಂದಿನ ತುಂಡು ಉಬ್ಬಿನ ಮೇಲೆ ಹತ್ತಿ ಇಳಿಯುವ ಹಾಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗಿ. ಎಲ್ಲೂ ದಬ್ಬೆ ಉಬ್ಬಿಗೆ ತಾಗಬಾರದು, 30 ಮಿ.ಮೀ ಆದರೂ ಸಂದು ಉಳಿಯಬೇಕು.

ನಿಯಮದಂತೆ ಕಟ್ಟಿದ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ ಎತ್ತರ ಇರುತ್ತದೆ. ಅದು ಯಾವ ಕೂಪೆಗೂ ತೊಂದರೆ ಕೊಡುವುದಿಲ್ಲ. ಊರವರೇ ಸಿಮೆಂಟು ಸುರಿದು ಕಟ್ಟಿದ, ಒಂದು ಮೀಟರ್ ಅಗಲಕ್ಕೆ 15 ಸೆಂ.ಮೀ ಎತ್ತರದ್ದು ಮಾತ್ರ ಹೊಟ್ಟೆ ಕೆರೆಯುತ್ತದೆ. ಅಡ್ಡಡ್ಡ ಹತ್ತಿಸಿದರೆ ಒಂದೊಂದೇ ಚಕ್ರ ಮೇಲೇರಿ ಬಾಡಿಯನ್ನು ಎತ್ತುವುದರಿಂದ ಕೆಲವು ದಾಟುತ್ತವೆ. ಸಿಗಂದೂರಿನ ಲಾಂಚ್ ಹತ್ತಿಸುವಾಗ ಬಂಪರ್ ಉಜ್ಜುವ ಭಯ ಮಾತ್ರ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಹೋಯಿತು.

ಪ್ರಶ್ನೆ: ಆಗುಂಬೆ ಇಳಿದು ಸೋಮೇಶ್ವರ ಮುಟ್ಟುವಾಗ ಬ್ರೇಕ್ ಸುಟ್ಟ ವಾಸನೆ. ಕಾರು ಐ20 ಎನ್ ಲೈನ್, ಆಟೊಮ್ಯಾಟಿಕ್.
— ತೀರ್ಥಹಳ್ಳಿ

ಉತ್ತರ: ಡಿಯಲ್ಲೇ ಬಿಟ್ಟು ಇಳಿಸುತ್ತಿದ್ದೀರಿ. ಗೇರ್ ಲಿವರನ್ನು ಮ್ಯಾನುಯಲ್‌ಗೆ ತಳ್ಳಿ ಎರಡನೇ ಗೇರಿನಲ್ಲಿ ಹಿಡಿದಿಡಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ. ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಡಾಟ್ 4 ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯುತ್ತದೆ, ತೇವ ಹೀರಿದ ಮೇಲೆ ಅದು 155ರ ತನಕ ಇಳಿಯಬಹುದು. ನಮ್ಮ ಹವೆಯಲ್ಲಿ ತೇವಕ್ಕೇನು ಬರ? ಎರಡು ವರ್ಷಕ್ಕೊಮ್ಮೆ ಬದಲಿಸಿ. ಹತ್ತುವಾಗ ಇನ್ನೊಂದು ಎಚ್ಚರ: ನಿಮ್ಮದು ಒಣ ಕ್ಲಚ್. ಸಾಲುಗಟ್ಟಿದ ವಾಹನಗಳ ಹಿಂದೆ ಆಕ್ಸಿಲರೇಟರಿನಲ್ಲೇ ತಡೆದು ನಿಲ್ಲಿಸಬೇಡಿ. ಮುಂದೆ ಜಾಗ ಆದ ಮೇಲೆ ಒಂದೇ ಸಲ ಎತ್ತಿ.

ಪ್ರಶ್ನೆ: ಜಪಾನಿನಿಂದ ಟೊಯೋಟಾ ಜಿಆರ್86 ತರಿಸಬಹುದೇ?
— ಕೊಪ್ಪ

ಉತ್ತರ: ಕಾರು ಚಿನ್ನದಂಥದ್ದು. 2.4 ಲೀಟರ್, ಆರು ಗೇರು, ತೂಕ 1,300 ಕಿಲೋ ಒಳಗೆ. ಆದರೆ ಇಲ್ಲಿ ಮಾರಾಟಕ್ಕಿಲ್ಲ, ಹಳೆಯದನ್ನು ತರಿಸಿದರೆ ಸುಂಕವೇ ಕಾರಿನ ಬೆಲೆಯನ್ನು ಮೀರುತ್ತದೆ. ಲಾರಿಯಿಂದ ಸಿಡಿದ ಜಲ್ಲಿಗೆ ಮುಂಗಾಜು ಒಡೆದರೆ ಅದೂ ಹಡಗಿನಲ್ಲೇ ಬರಬೇಕು. ಬೇಡ.

ಪ್ರಶ್ನೆ: ಮಳೆಗಾಲದ ಎರಡು ತಿಂಗಳು ಕೂಪೆಯನ್ನು ಶೆಡ್ಡಿನಲ್ಲಿಟ್ಟು ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕೇ?
— ಶೃಂಗೇರಿ

ಉತ್ತರ: ಅದಕ್ಕಿಂತ ಸ್ಟಾರ್ಟ್ ಮಾಡದಿರುವುದೇ ವಾಸಿ. ಹತ್ತು ನಿಮಿಷಕ್ಕೆ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ, ಪೆಟ್ರೋಲು ಆಯಿಲಿಗೆ ಇಳಿಯುತ್ತದೆ, ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ಹತ್ತು ದಿನಕ್ಕೊಮ್ಮೆ 20 ಕಿ.ಮೀ ಓಡಿಸಿ, ಆಗದಿದ್ದರೆ ಬ್ಯಾಟರಿಗೆ ಮೇಂಟೇನರ್ ಚಾರ್ಜರ್ ಹಾಕಿಡಿ. ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲು ತೇವ ಎಳೆಯುತ್ತದೆ, ಟ್ಯಾಂಕು ಪೂರ್ತಿ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಹಾಕಬೇಡಿ, ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಡಿ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಒಳಗೆಲ್ಲ ಬೂಸ್ಟು. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಒಣಹುಲ್ಲು, ಅಡಿಕೆ ಸಿಪ್ಪೆ ಕಂಡರೆ ಇಲಿ ಸಂಸಾರ ಹೂಡಿದೆ ಅಂತ ಅರ್ಥ. ವೈರಿಂಗ್ ನೋಡದೆ ಕೀಲಿ ತಿರುಗಿಸಬೇಡಿ.