‘ಹಿ ಬ್ಲೂ ಮಿ ಆಫ್’ ಅಂದರೆ ಊದಿಬಿಟ್ಟ ಅಂತಲಾ?

ಸಹೋದ್ಯೋಗಿಯೊಬ್ಬರು ಯಾರ ಬಗ್ಗೆಯೋ ‘ಹಿ ಬ್ಲೂ ಮಿ ಆಫ್’ ಅಂದರು, ಡಿಕ್ಷನರಿಯಲ್ಲಿ ‘ಬ್ಲೋ’ ಅಂದರೆ ಊದು ಅಂತಿದೆ, ಇದೇನು, ನಾನೂ ಬಳಸಬಹುದಾ ಅಂತ ಕೇಳಿದ್ದೀರಿ. ಊದುವುದನ್ನು ಮರೆತುಬಿಡಿ. ಅವರು ಹೇಳಿದ್ದು ‘ಅವನು ನನಗೆ ಕೈ ಕೊಟ್ಟ’ ಅಂತ. ಇಲ್ಲಿಯ ‘ಬ್ಲೂ’ ಬಣ್ಣವೂ ಅಲ್ಲ, ‘ಬ್ಲೋ’ ಕ್ರಿಯಾಪದದ ಭೂತಕಾಲ. ಉಚ್ಚಾರ ಮಾತ್ರ ಒಂದೇ.

ಇದು ಮುಖ್ಯವಾಗಿ ಅಮೆರಿಕನ್ನರ ಆಡುಮಾತು. ಕರ್ಮಪದ ಯಾವುದು ಅಂತ ನೋಡಿದರೆ ಅರ್ಥ ತಾನಾಗಿ ಸಿಗುತ್ತದೆ. ವ್ಯಕ್ತಿಯಾದರೆ ಕೈ ಕೊಡುವುದು ಅಥವಾ ಕ್ಯಾರೇ ಅನ್ನದಿರುವುದು. ಕ್ಲಾಸೋ ಮೀಟಿಂಗೋ ಆದರೆ ಚಕ್ಕರ್ ಹೊಡೆಯುವುದು. ‘ಶಿ ಬ್ಲೂ ಆಫ್ ದ ವಾರ್ನಿಂಗ್’ ಅಂದರೆ ಎಚ್ಚರಿಕೆಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎಲ್ಲದರಲ್ಲೂ ಅಸಡ್ಡೆ ಇರಲೇಬೇಕು. ಜ್ವರ ಬಂದು ಮೀಟಿಂಗ್ ತಪ್ಪಿಸಿಕೊಂಡರೆ ಅದು ಬ್ಲೋ ಆಫ್ ಅಲ್ಲ. ಹೋಗಬಹುದಿತ್ತು, ಮನಸ್ಸಾಗಲಿಲ್ಲ, ಹೋಗಲಿಲ್ಲ ಅಂದರೆ ಹೌದು.

‘ಹಿ ಸ್ಟುಡ್ ಮಿ ಅಪ್’ ಇದರ ಹತ್ತಿರದ ನೆಂಟ, ಆದರೆ ಒಂದೇ ಅಲ್ಲ. ಅದರಲ್ಲಿ ನೀವು ಹೇಳಿದ ಜಾಗದಲ್ಲಿ ಕಾಯುತ್ತಾ ನಿಂತಿರುತ್ತೀರಿ, ಆಸಾಮಿ ಪತ್ತೆಯೇ ಇಲ್ಲ. ಬ್ಲೋ ಆಫ್ ಮಾಡುವವನು ಒಂದು ಕುಂಟು ನೆಪದ ಮೆಸೇಜನ್ನಾದರೂ ಹಾಕಿರಬಹುದು.

ಪದಗಳ ಜಾಗ ಸ್ವಲ್ಪ ನೋಡಿಕೊಳ್ಳಿ. ‘ಬ್ಲೂ ಆಫ್ ದ ಮೀಟಿಂಗ್’, ‘ಬ್ಲೂ ದ ಮೀಟಿಂಗ್ ಆಫ್’ ಎರಡೂ ಸರಿ. ಆದರೆ ಮಿ, ಹಿಮ್, ಇಟ್ ಥರದ ಸರ್ವನಾಮ ನಡುವೆಯೇ ಬರಬೇಕು. ‘ಬ್ಲೂ ಆಫ್ ಮಿ’ ತಪ್ಪು. ಕರ್ಮಪದವನ್ನು ನುಂಗಿ ಬರೀ ‘ಹಿ ಬ್ಲೂ ಆಫ್’ ಅಂತಂತೂ ಹೇಳಬೇಡಿ, ಬ್ರಿಟನ್ನಿನ ಆಡುಮಾತಿನಲ್ಲಿ ಅದಕ್ಕೆ ಹೂಸು ಬಿಟ್ಟ ಅಂತ ಅರ್ಥ! ಇನ್ನು ‘ಬ್ಲೋ ಆಫ್ ಸ್ಟೀಮ್’ ಬೇರೆಯೇ ಮಾತು: ಒಳಗೆ ಕಟ್ಟಿಕೊಂಡ ಸಿಟ್ಟನ್ನೋ ಒತ್ತಡವನ್ನೋ ಹೊರಹಾಕುವುದು. ಉಗಿಯಂತ್ರದ ಹೆಚ್ಚುವರಿ ಉಗಿಯನ್ನು ಹೊರಬಿಡುವುದರಿಂದ ಬಂದದ್ದು.

ಬಳಸಬಹುದಾ ಅಂದರೆ, ಗೆಳೆಯರ ನಡುವೆ ಧಾರಾಳವಾಗಿ. ಯಾರ ಮುಖಕ್ಕಾದರೂ ‘ಆರ್ ಯು ಬ್ಲೋಯಿಂಗ್ ಮಿ ಆಫ್?’ ಅಂದರೆ ಮಾತ್ರ ಅದು ಬರೀ ಪ್ರಶ್ನೆಯಲ್ಲ, ಆಕ್ಷೇಪಣೆ. ಸಲಿಗೆ ಇದ್ದ ಕಡೆ ಮಾತ್ರ ಹೇಳಿ. ಮ್ಯಾನೇಜರಿಗೆ ಬರೆಯುವ ಮೇಲ್‌ನಲ್ಲಂತೂ ಬೇಡವೇ ಬೇಡ. ಅಲ್ಲಿ ‘ಐ ವೋಂಟ್ ಬಿ ಏಬಲ್ ಟು ಅಟೆಂಡ್’ ಸಾಕು, ನಿಜವಾದ ಕಾರಣ ಚಕ್ಕರ್ ಆಗಿದ್ದರೂ.