ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಅಕ್ಕೋರೇ

ಕುಮಟಾ ಕಡೆಯ ಪ್ರೈಮರಿ ಶಾಲೆಯ ಅಕ್ಕೋರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ವಯಸ್ಸು 46, ತವರು ಮುಂಡರಗಿ ಹತ್ತಿರದ ಹಳ್ಳಿ. ಚಿಕ್ಕಂದಿನಿಂದ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟಿ, ಎರಡು ಹಲ್ಲಲ್ಲಿ ಸಣ್ಣ ಗುಳಿ. ಕೆಲಸಕ್ಕೆ ಸೇರಿದ ಮಗಳು "ನನ್ನ ದುಡ್ಡಲ್ಲಿ ವೆನೀರ್ ಹಾಕಿಸ್ಕೋ ಅಮ್ಮಾ" ಎನ್ನುತ್ತಿದ್ದಾಳೆ. ವೆನೀರ್ ಅಂದರೆ ಹಲ್ಲಿನ ಮೇಲೆ ಅಂಟಿಸುವ ತೆಳು ಹೊದಿಕೆ. ಯಜಮಾನರದ್ದು "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?" ಎಂಬ ಮಾತು. ಡಾಕ್ಟರು ಎಂಟು ಹಲ್ಲಿಗೆ ಹಾಕೋಣ, ಒಂದಕ್ಕೆ 12 ಸಾವಿರ ಎಂದಿದ್ದಾರೆ. ಮಾಡಿಸಲೋ ಬೇಡವೋ ಎಂದು ಕೇಳಿದ್ದಾರೆ.

ಅಕ್ಕೋರೇ, ಒಂದನೇ ಕ್ಲಾಸಿನ ಹುಡುಗ "ನೀವು ಕವಳ ಹಾಕ್ತ್ರಾ?" ಅಂತ ಕೇಳಿದ್ದನ್ನು ಬರೆದಿದ್ದೀರಲ್ಲ, ಆ ಸಾಲು ಓದಿ ಸಂಕಟವಾಯ್ತು. ಜೀವನದಲ್ಲಿ ಒಂದು ವೀಳ್ಯದೆಲೆ ಬಾಯಿಗೆ ಹಾಕದವರು ನೀವು. ಶಾಲೆಯ ಗ್ರೂಪ್ ಫೋಟೋದಲ್ಲೆಲ್ಲ ತುಟಿ ಮುಚ್ಚಿಕೊಂಡೇ ನಿಲ್ಲುತ್ತೀರಂತೆ. ಹಾಗಾಗಿ ಮೊದಲು ಯಜಮಾನರ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಯಾರಿಗೂ ತೋರಿಸೋಕಲ್ಲ. ಬಾಯಿ ತುಂಬಾ ನಗೋಕೆ. 46ಕ್ಕೆ ಆ ಆಸೆ ಇಟ್ಟುಕೊಳ್ಳುವುದರಲ್ಲಿ ತಪ್ಪು ಏನೂ ಇಲ್ಲ.

ಇನ್ನು ಆ ಕಂದು ಬಣ್ಣ. ನೀವು ಹಲ್ಲು ಸರಿಯಾಗಿ ಉಜ್ಜದೆ ಬಂದದ್ದಲ್ಲ ಅದು. ಗದಗ, ಕೊಪ್ಪಳ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ, ಅದನ್ನು ದಾಟಿದ ನೀರನ್ನೇ ಜನ ಕುಡಿದು ಬೆಳೆದಿದ್ದಾರೆ. ಎಂಟು ವರ್ಷದೊಳಗೆ, ಹಲ್ಲಿನ್ನೂ ಒಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗಲೇ, ಆ ಫ್ಲೋರೈಡ್ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕೆಡಿಸುತ್ತದೆ. ಹಲ್ಲು ಹೊರಗೆ ಬರುವುದೇ ಕಲೆ ಹೊತ್ತುಕೊಂಡು. ಕುಮಟಾದ ನೀರು ಕುಡಿದು ಬೆಳೆದ ನಿಮ್ಮ ಮಕ್ಕಳ ಹಲ್ಲು ಬೆಳ್ಳಗಿದೆ ಎಂದು ನೀವೇ ಬರೆದಿದ್ದೀರಿ, ಇಷ್ಟು ಸಾಕಲ್ವಾ? ಇದಕ್ಕೆ ನಾಚಿಕೊಳ್ಳುವುದು ಇವತ್ತೇ ಬಿಟ್ಟುಬಿಡಿ.

ಈಗ ವೆನೀರ್ ವಿಷಯ. ಇದು ಪಿಂಗಾಣಿಯ ತೆಳು ಪದರ, ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುತ್ತಾರೆ. ನನ್ನ ಹಲ್ಲು ನೋಡಿದ ಡಾಕ್ಟರು ಒಂದನ್ನು ನನ್ನ ಅಂಗೈ ಮೇಲೆ ಇಟ್ಟಿದ್ದರು. ಮೊಗೆಕಾಯಿ ಬೀಜದ ಸಿಪ್ಪೆ ಹಾಗಿತ್ತು, ಉಸಿರು ಬಿಟ್ಟರೆ ಹಾರೀತು ಅನ್ನಿಸಿತು. ಅದು ಕೂರಲು ಜಾಗ ಬೇಕಲ್ಲ, ಅದಕ್ಕೇ ನಮ್ಮ ಹಲ್ಲನ್ನು ಸುಮಾರು ಅರ್ಧ ಮಿಲಿಮೀಟರ್ ತೇಯುತ್ತಾರೆ. ಅರ್ಧ ಮಿಲಿಮೀಟರ್ ಅಷ್ಟೇನಾ ಅನ್ನಿಸಬಹುದು. ಆದರೆ ಮುಂದಿನ ಹಲ್ಲಿನ ಎನಾಮಲ್ ದಪ್ಪವೇ ಹೆಚ್ಚುಕಡಿಮೆ ಒಂದು ಮಿಲಿಮೀಟರ್, ಒಸಡಿನ ಹತ್ತಿರ ಇನ್ನೂ ಕಮ್ಮಿ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ವೆನೀರ್ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬಾಳುತ್ತದೆ, ಆಮೇಲೆ ಹೊಸದು ಹಾಕಿಸಬೇಕು. ಅಂದರೆ ನಿಮ್ಮ 60ನೇ ವಯಸ್ಸಿಗೆ ಇನ್ನೊಂದು ಸಲ ಇದೇ ಖರ್ಚು. ಆಗ ಸಂಬಳ ಇರುವುದಿಲ್ಲ, ಪೆನ್ಶನ್ ಇರುತ್ತದೆ. ಮಗಳ ಜೊತೆ ಈ ಲೆಕ್ಕವನ್ನೂ ಮಾತಾಡಿ.

1928ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಸಿನಿಮಾ ನಟರಿಗೆ ಇಂಥ ಪದರಗಳನ್ನು ಮಾಡಿಕೊಟ್ಟ. ಅವು ಶೂಟಿಂಗ್ ಹೊತ್ತಿಗೆ ಮಾತ್ರ, ಕೆಲಸ ಮುಗಿದ ಮೇಲೆ ತೆಗೆದಿಡುತ್ತಿದ್ದರು. ಗಟ್ಟಿಯಾಗಿ ಅಂಟಿಸುವ ವಿದ್ಯೆ ಪೂರ್ತಿ ಕೈಗೆ ಬಂದದ್ದು 1980ರ ದಶಕದಲ್ಲಿ. ಈಗ ಅಂಟಿಸಿದರೆ ಅಂಟಿದ ಹಾಗೆಯೇ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 2009ರಲ್ಲಿ ಬೈಕಿನಿಂದ ಬಿದ್ದು ಮುಂದಿನ ಒಂದು ಹಲ್ಲಿನ ಮೂಲೆ ಮುರಿಯಿತು. ಸಂಜೆ ಆಫೀಸು ಮುಗಿಸಿ ವೆನೀರ್ ಹಾಕಿಸಲು ಹೋದೆ, ಕ್ಲಿನಿಕ್ಕಿನವರು ಟ್ಯೂಬ್‌ಲೈಟ್ ಕೆಳಗೇ ಅದರ ಬಣ್ಣ ಆರಿಸಿದರು. ಅದೂ ಹಲ್ಲು ತೇಯ್ದಾದ ಮೇಲೆ. ತುಂಬಾ ಹೊತ್ತು ಬಾಯಿ ತೆರೆದಿಟ್ಟರೆ ಹಲ್ಲು ಒಣಗಿ ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಮರುದಿನ ಬಿಸಿಲಲ್ಲಿ ನೋಡಿದರೆ ಆ ಒಂದು ಹಲ್ಲು ಮಾತ್ರ ಸುಣ್ಣ ಬಳಿದ ಹಾಗೆ. ಪಿಂಗಾಣಿಯ ಬಣ್ಣವನ್ನು ಆಮೇಲೆ ಬ್ಲೀಚ್ ಮಾಡಿ ಬದಲಿಸಲು ಬರುವುದಿಲ್ಲ. ಹನ್ನೊಂದು ವರ್ಷ ನಾನು ಅದನ್ನು ನಾಲಗೆಯಿಂದ ಮುಟ್ಟಿ ನೋಡಿಕೊಳ್ಳುತ್ತಾ ಕಳೆದೆ. 2020ರಲ್ಲಿ ಅಂಚು ಕಪ್ಪಾಗಿ ಅಲುಗಾಡತೊಡಗಿದಾಗ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಕುರ್ಚಿಯಿಂದ ಎಬ್ಬಿಸಿ ಕಿಟಕಿಯ ಹತ್ತಿರ ನಿಲ್ಲಿಸಿ, ಬಣ್ಣದ ಪಟ್ಟಿಗಳನ್ನು ಒಂದೊಂದಾಗಿ ಪಕ್ಕದ ಹಲ್ಲಿಗೆ ಹಿಡಿದು ನೋಡಿದರು. ಅಷ್ಟರಲ್ಲೇ ಎಷ್ಟು ವ್ಯತ್ಯಾಸ ಆಯ್ತು!

ಹಾಗಂತ ನಿಮಗೆ ಬೇಡ ಎನ್ನುತ್ತಿಲ್ಲ. ಗುಳಿ ಬಿದ್ದ ಹಲ್ಲಿಗೆ ವೆನೀರ್ ಒಳ್ಳೆಯ ಉಪಾಯವೇ. ಎಂಟಕ್ಕೂ ಬೇಕಾ ಎಂಬುದು ನನ್ನ ಅನುಮಾನ. ಬರೀ ಕಂದು ಪಟ್ಟಿ ಇರುವ ಹಲ್ಲಿಗೆ ಮೈಕ್ರೋಅಬ್ರೇಷನ್ ಅಂತ ಒಂದಿದೆ, ಆಸಿಡ್ ಮತ್ತು ನುಣುಪಾದ ಪುಡಿ ಸೇರಿಸಿ ಕೂದಲೆಳೆಯಷ್ಟು ಮೇಲ್ಪದರ ಉಜ್ಜಿ ತೆಗೆಯುತ್ತಾರೆ. ಕಲೆ ಮೇಲೆಮೇಲೆ ಇದ್ದರೆ ಅದರಲ್ಲೇ ಎಷ್ಟೋ ಹೋಗುತ್ತದೆ, ಜೊತೆಗೆ ಬ್ಲೀಚಿಂಗ್ ಮಾಡಿದರೆ ಇನ್ನಷ್ಟು ತಿಳಿಯಾಗಬಹುದು. ಮೊದಲು ಅದು ಮಾಡಿಸಿ, ಒಂದೆರಡು ತಿಂಗಳು ನೋಡಿ. ಆಮೇಲೂ ಉಳಿದ ಎರಡೋ ನಾಲ್ಕೋ ಹಲ್ಲಿಗೆ ವೆನೀರ್ ಹಾಕಿಸಿದರಾಯ್ತು. ಕಾಂಪೋಸಿಟ್ ಅಂತಲೂ ಇದೆ, ಹಲ್ಲಿನ ಬಣ್ಣದ ರೆಸಿನ್ ಅನ್ನು ಹಲ್ಲಿನ ಮೇಲೇ ಹಚ್ಚಿ ಗಟ್ಟಿ ಮಾಡುವುದು, ಪಿಂಗಾಣಿಗಿಂತ ಅಗ್ಗ, ಹೆಚ್ಚಾಗಿ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಬೇಗ ಬಣ್ಣಗೆಡುತ್ತದೆ.

ಡಾಕ್ಟರನ್ನು ಸಂಕೋಚ ಇಲ್ಲದೆ ಕೇಳಿ: ನೀವು ಹೇಳುತ್ತಿರುವುದು ವೆನೀರಾ, ಕ್ರೌನಾ? ಕ್ರೌನ್ ಅಂದರೆ ಇಡೀ ಹಲ್ಲಿಗೆ ತೊಡಿಸುವ ಟೊಪ್ಪಿ, ಅದಕ್ಕೆ ಹಲ್ಲನ್ನು ಸುತ್ತಲೂ ತೇಯ್ದು ಗೂಟದ ಹಾಗೆ ಮಾಡಬೇಕಾಗುತ್ತದೆ. ಗಟ್ಟಿ ಇರುವ ಹಲ್ಲಿಗೆ ಅದು ಖಂಡಿತ ಬೇಡ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ, ಹುಳುಕು ಇದ್ದರೆ ಅದು ಮೊದಲು ವಾಸಿಯಾಗಬೇಕು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ ಅಂತ ಯಜಮಾನರನ್ನು ಕೇಳಿ, ಅವರಿಗೇ ಗೊತ್ತಿರುತ್ತದೆ. ಆ ಅಭ್ಯಾಸ ಇದ್ದರೆ ಪಿಂಗಾಣಿ ಚಕ್ಕೆ ಏಳುತ್ತದೆ, ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಸಬೇಕಾಗುತ್ತದೆ.

ಇನ್ನೊಂದು ಅಭಿಪ್ರಾಯಕ್ಕೆ ಡೆಂಟಲ್ ಕಾಲೇಜಿಗೆ ಹೋಗಿ ಬನ್ನಿ. ಮಣಿಪಾಲದಲ್ಲಿದೆ, ಕುಮಟಾದಿಂದ ರೈಲಲ್ಲಿ ಉಡುಪಿಗೆ ಇಳಿದರೆ ಹತ್ತಿರ. ತವರಿಗೆ ಹೋದಾಗಲಾದರೆ ಧಾರವಾಡವೂ ಆದೀತು. ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ, ನೋಡುವ ಕಣ್ಣುಗಳೂ ಜಾಸ್ತಿ.

ಹಾಕಿಸುವುದೇ ಎಂದಾದರೆ ಮುಂದಿನ ಹಲ್ಲಲ್ಲಿ ಏಡಿಯ ಕಾಲು ಒಡೆಯುವುದು, ಕಬ್ಬು ಸಿಗಿಯುವುದು ನಿಲ್ಲಬೇಕು. ಲ್ಯಾಬಿನಿಂದ ಬರುವ ತನಕ ಕೂರಿಸುವ ತಾತ್ಕಾಲಿಕ ಪದರಕ್ಕೆ ಅರಿಶಿನ ಬೇಗ ಹಿಡಿಯುತ್ತದೆ, ಆ ಒಂದೆರಡು ವಾರ ಮೀನುಸಾರು ಸ್ವಲ್ಪ ದೂರ ಇಡಿ.

ಎಲ್ಲಕ್ಕಿಂತ ಮೊದಲು "ಮಾಕಪ್ ಮಾಡಿ ತೋರಿಸಿ" ಎನ್ನಿ. ಹಲ್ಲು ತೇಯದೆಯೇ, ಹಲ್ಲಿನ ಬಣ್ಣದ ವಸ್ತುವನ್ನು ಮೇಲೆ ಕೂರಿಸಿ ಕೊನೆಗೆ ಹೇಗೆ ಕಾಣುತ್ತದೆ ಎಂದು ತೋರಿಸುತ್ತಾರೆ, ಇಷ್ಟವಾಗದಿದ್ದರೆ ಕಿತ್ತು ತೆಗೆಯಬಹುದು. ಅದಕ್ಕೆ ಬೆಳಗಿನ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಮಗಳನ್ನೂ ಯಜಮಾನರನ್ನೂ ಕರೆದುಕೊಂಡು ಹೋಗಿ. ಕನ್ನಡಿ ಹಿಡಿದು ಹೊರಗಿನ ಬೆಳಕಿಗೆ ಬಂದು, ಅವರ ಹತ್ತಿರ ಐದು ನಿಮಿಷ ಸುಮ್ನೆ ಏನಾದರೂ ಮಾತಾಡಿ, ನಗಾಡಿ. ಆಗ ಅವರು ಏನೆಂದರು ಅಂತ ನನಗೂ ಬರೆಯಿರಿ.